ನಡುಗಿದ ಊರಿನ ಹೆಸರನ್ನೇ ಬರೆಯಿರಿ

ಭೂಕಂಪಗಳನ್ನು ಅಳೆಯುವ, ದಾಖಲಿಸುವ, ಜನರಿಗೆ ತಿಳಿಸುವ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ ಹಾಗೂ ಕನ್ನಡ ಪತ್ರಿಕೆಗಳ ಸಂಪಾದಕರಿಗೆ,

ಮಾನ್ಯರೇ, ನಮಸ್ಕಾರ.

ಹೋದ ತಿಂಗಳು ನನ್ನ ಮೊಮ್ಮಗಳು ಶಾಲೆಯ ಪ್ರಬಂಧಕ್ಕಾಗಿ ಲಾತೂರ್ ಭೂಕಂಪದ ವಿವರ ಹುಡುಕುತ್ತಿದ್ದಳು. ಮೊಬೈಲಿನಲ್ಲಿ ಅಂತರರಾಷ್ಟ್ರೀಯ ಪಟ್ಟಿಯೊಂದನ್ನು ತೆರೆದು, “ತಾತ, ನೀವು ಸೆಪ್ಟೆಂಬರ್ 30 ಅಂದಿರಿ, ಇಲ್ಲಿ 29 ಎಂದಿದೆ” ಎಂದಳು. ನಾನು ಕನ್ನಡಕ ಹಾಕಿಕೊಂಡು ನೋಡಿದೆ. 1993ರ ಸೆಪ್ಟೆಂಬರ್ 29, ರಾತ್ರಿ 10 ಗಂಟೆ 25 ನಿಮಿಷ ಎಂದೇ ಇತ್ತು.

ಆ ರಾತ್ರಿಯನ್ನು ನಾನು ಮರೆತಿಲ್ಲ. ಆಳಂದ ತಾಲ್ಲೂಕಿನ ಗಡಿಯ ಊರು ನಮ್ಮದು. ಆ ಭೂಕಂಪದಲ್ಲಿ ನೆಲಸಮವಾದ ಮಹಾರಾಷ್ಟ್ರದ ಕಿಲ್ಲಾರಿ ಅಲ್ಲಿಂದ ಬಹಳ ದೂರವೇನಲ್ಲ. ಗಣಪತಿ ವಿಸರ್ಜನೆ ಮುಗಿಸಿ ಊರಿಗೆ ಊರೇ ಮಲಗಿತ್ತು. ನಸುಕಿನ ನಾಲ್ಕಕ್ಕೆ ಇನ್ನೂ ನಾಲ್ಕೈದು ನಿಮಿಷ ಇರುವಾಗ ಹಲಗೆಯ ಮೇಲಿದ್ದ ತಾಮ್ರದ ಕೊಡ ಉರುಳಿ ಬಿದ್ದ ಸದ್ದಿಗೆ ಎಚ್ಚರವಾಯಿತು. ಅವ್ವ ಕತ್ತಲಲ್ಲೇ ನಮ್ಮೆಲ್ಲರ ಹೆಸರು ಹಿಡಿದು ಕೂಗುತ್ತಿದ್ದಳು. ನಮ್ಮದು ಕಲ್ಲು ಮಣ್ಣಿನ ಗೋಡೆಯ ಮಾಳಿಗೆ ಮನೆ. ಮೇಲೆ ಮರದ ತೊಲೆ, ತೊಲೆಯ ಮೇಲೆ ಗೇಣುಗಟ್ಟಲೆ ಮಣ್ಣು. ನಮ್ಮ ಮಾಳಿಗೆ ನಿಂತಿತು. ಗಡಿಯಾಚೆ ಅಂಥವೇ ಮಾಳಿಗೆಗಳು ಮಲಗಿದ್ದವರ ಮೇಲೆ ಕುಸಿದಿದ್ದವು. ಸುಮಾರು 10,000 ಜನ ತೀರಿಕೊಂಡರು. ಉಮರ್ಗಾ ಕಡೆಗೆ ಹೆಣ್ಣು ಕೊಟ್ಟು ತಂದ ಮನೆಗಳು ನಮ್ಮೂರಿನಲ್ಲಿ ಎಷ್ಟೋ ಇದ್ದವು. ಆ ವಾರವೆಲ್ಲ ಒಂದಲ್ಲ ಒಂದು ಮನೆಯಿಂದ ಅಳುವಿನ ದನಿ ಕೇಳುತ್ತಲೇ ಇತ್ತು.

ಹಾಗಿರುವಾಗ 29 ಎಂದು ಬರೆದವರು ಯಾರು ಎಂದು ನನಗೆ ಕೋಪವೇ ಬಂತು. ಸ್ವಲ್ಪ ಹೊತ್ತಿನ ಮೇಲೆ ಲೆಕ್ಕ ಹಾಕಿದಾಗ ತಪ್ಪು ಯಾರದೂ ಅಲ್ಲವೆಂದು ತಿಳಿಯಿತು. ಜಗತ್ತಿನ ಭೂಕಂಪ ಪಟ್ಟಿಗಳು ಎಲ್ಲ ದೇಶಗಳಿಗೂ ಒಂದೇ ಆದ ಜಾಗತಿಕ ಸಮಯದಲ್ಲಿ ಬರೆಯುತ್ತವೆ. ಅದು ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ನಮ್ಮ ನಸುಕು ಅವರ ಹಿಂದಿನ ದಿನದ ರಾತ್ರಿ. ಮಹಾರಾಷ್ಟ್ರದ ಕೊಯ್ನಾ ಭೂಕಂಪದ್ದೂ ಹೀಗೆಯೇ. 1967ರ ಡಿಸೆಂಬರ್ 11ರ ನಸುಕಿನಲ್ಲಿ ಕೊಯ್ನಾನಗರ ನೆಲಕ್ಕುರುಳಿತು, ಆದರೆ ಪಟ್ಟಿಗಳಲ್ಲಿ ಅದು 10ರ ಭೂಕಂಪ. ವಿಜ್ಞಾನಿಗಳಿಗೆ ಈ ಪದ್ಧತಿ ಬೇಕೇಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕನ್ನಡದಲ್ಲಿ ಓದುವವರಿಗೆ ಅದೇ ಪಟ್ಟಿಯಿಂದ ತಾರೀಕನ್ನು ಹಾಗೆಯೇ ಎತ್ತಿ ಕೊಟ್ಟರೆ, ತಿಥಿ ಮಾಡುವ ಮನೆಯವರ ನೆನಪು ಒಂದು ದಿನ, ಪುಸ್ತಕದ ದಿನ ಇನ್ನೊಂದು ಎಂದಾಗುತ್ತದೆ. ಎರಡೂ ಸಮಯಗಳನ್ನು ಅಕ್ಕಪಕ್ಕದಲ್ಲಿ ಅಚ್ಚು ಮಾಡಲು ಬೇಕಾಗುವುದು ಇನ್ನೊಂದು ಅಂಕಣದಷ್ಟು ಜಾಗ ಮಾತ್ರ.

ದಿನಾಂಕದ ನಂತರ ಮೊಮ್ಮಗಳು ಕೇಳಿದ್ದು ಹೆಸರನ್ನು. ಲಾತೂರ್ ಭೂಕಂಪವೇ, ಕಿಲ್ಲಾರಿ ಭೂಕಂಪವೇ, ಮರಾಠವಾಡಾ ಭೂಕಂಪವೇ? ಮೂರೂ ಬಳಕೆಯಲ್ಲಿವೆ. ಆ ದಿನ ರೇಡಿಯೋದಲ್ಲಿ ಲಾತೂರ್ ಎಂದೇ ಕೇಳಿದೆವು, ಜಿಲ್ಲೆಯ ಹೆಸರು ಅದು. ಆದರೆ ಹೆಚ್ಚು ನೆಲಸಮವಾದದ್ದು ಲಾತೂರ್ ನಗರವಲ್ಲ, ಔಸಾ ತಾಲ್ಲೂಕಿನ ಕಿಲ್ಲಾರಿ, ಆಗಿನ ಉಸ್ಮಾನಾಬಾದ್ ಜಿಲ್ಲೆಯ ಸಾಸ್ತೂರ್ ಮತ್ತು ಅವುಗಳ ಸುತ್ತಲಿನ ಹಳ್ಳಿಗಳು. ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಬೇಕಾಗಿ ಬಂದ ಊರುಗಳೇ 52. ಉಸ್ಮಾನಾಬಾದ್ ಕಡೆಯವರಿಗೆ ಸಾವು ಹಂಚಿಕೆಯಾಯಿತು, ಹೆಸರು ಹಂಚಿಕೆಯಾಗಲಿಲ್ಲ.

ಚಂಡಮಾರುತಗಳಿಗೆ ಹೆಸರಿನ ಪಟ್ಟಿ ಮೊದಲೇ ಸಿದ್ಧವಾಗಿರುತ್ತದೆ. ದೇಶಗಳು ಹೆಸರುಗಳನ್ನು ಕೊಟ್ಟಿರುತ್ತವೆ, ಸರದಿ ಬಂದಂತೆ ಒಂದೊಂದನ್ನು ಎತ್ತಿಕೊಳ್ಳುತ್ತಾರೆ. ಭೂಕಂಪಕ್ಕೆ ಅಂಥ ನಾಮಕರಣವಿಲ್ಲ, ಇಡೀ ಜಗತ್ತಿಗೆ ಹೆಸರಿಡುವ ಸಂಸ್ಥೆಯೂ ಇಲ್ಲ. ಉಪಕರಣಗಳು ಕೇಂದ್ರಬಿಂದುವಿನ ಅಕ್ಷಾಂಶ, ರೇಖಾಂಶಗಳನ್ನು ಕೊಡುತ್ತವೆ. ಗಣಕಯಂತ್ರ ಹತ್ತಿರದ ಯಾವುದೋ ಗೊತ್ತಿರುವ ಊರನ್ನು ಹುಡುಕಿ ಇಷ್ಟು ಕಿಲೋಮೀಟರ್ ಉತ್ತರಕ್ಕೆ, ಇಷ್ಟು ಪೂರ್ವಕ್ಕೆ ಎಂದು ಬರೆಯುತ್ತದೆ. ಆಮೇಲೆ ಪತ್ರಿಕೆಗಳು, ಸರ್ಕಾರ, ಸಂಶೋಧಕರು ಬಳಸುತ್ತಾ ಬಳಸುತ್ತಾ ಒಂದು ಹೆಸರು ನಿಲ್ಲುತ್ತದೆ. 2001ರ ಗಣರಾಜ್ಯೋತ್ಸವದ ಬೆಳಗ್ಗೆ 8 ಗಂಟೆ 46 ನಿಮಿಷಕ್ಕೆ ಬಂದದ್ದನ್ನು ನಾವೆಲ್ಲ ಭುಜ್ ಭೂಕಂಪ ಎನ್ನುತ್ತೇವೆ. ಅದರ ಕೇಂದ್ರ ಭುಜ್‌ನಿಂದ ಬಹು ದೂರ ಪೂರ್ವಕ್ಕೆ, ಭಚಾವ್ ಕಡೆ ಇತ್ತು. ಭಚಾವ್ ಪಟ್ಟಣ ಹೆಚ್ಚುಕಡಿಮೆ ಪೂರ್ತಿ ನೆಲಕಚ್ಚಿತ್ತು. ಆದರೂ ಜಿಲ್ಲಾ ಕೇಂದ್ರದ ಹೆಸರೇ ಉಳಿಯಿತು.

ಜಪಾನಿನಲ್ಲಾದರೋ ಇದು ಸರ್ಕಾರದ ಕೆಲಸ. ಅಲ್ಲಿನ ಹವಾಮಾನ ಸಂಸ್ಥೆ ದೊಡ್ಡ ಭೂಕಂಪಗಳಿಗೆ ನಿಯಮದ ಪ್ರಕಾರ ಅಧಿಕೃತ ಹೆಸರು ಕೊಡುತ್ತದೆ, ಅದರಲ್ಲಿ ವರ್ಷವೂ ಪ್ರದೇಶವೂ ಸೇರಿರುತ್ತವೆ. ಭೂಮಿ ನಡುಗಿದ್ದಕ್ಕೆ ಒಂದು ಹೆಸರು, ಅದರಿಂದ ಜನರಿಗೆ ಒದಗಿದ ದುರಂತಕ್ಕೆ ಇನ್ನೊಂದು ಹೆಸರು ಇಡುವುದೂ ಉಂಟು. 2011ರ ಮಾರ್ಚ್ 11ರ ಕಂಪನಕ್ಕೆ ಹವಾಮಾನ ಸಂಸ್ಥೆ ತೊಹೊಕು ಪ್ರದೇಶದ ಪೆಸಿಫಿಕ್ ಕರಾವಳಿಯಾಚೆಯ ಭೂಕಂಪ ಎಂದು ಹೆಸರಿಟ್ಟಿತು. ಕಂಪನ, ಸುನಾಮಿ, ಫುಕುಶಿಮಾ ಅಣುಸ್ಥಾವರದ ಅವಘಡ ಎಲ್ಲವೂ ಸೇರಿದ ದುರಂತಕ್ಕೆ ಅಲ್ಲಿನ ಸರ್ಕಾರ ಪೂರ್ವ ಜಪಾನಿನ ಮಹಾ ಭೂಕಂಪ ದುರಂತ ಎಂದು ಬೇರೆಯೇ ಹೆಸರಿಟ್ಟಿತು. ಆ ವಿವೇಕ ನನಗೆ ತುಂಬ ಹಿಡಿಸುತ್ತದೆ. ನೆಲದೊಳಗೆ ಬಂಡೆ ಜಾರಿದ್ದು ಒಂದು ವಿಷಯ, ಮಾಳಿಗೆ ಕುಸಿದದ್ದು ಇನ್ನೊಂದು. ಎರಡನೆಯದರಲ್ಲಿ ಮನುಷ್ಯರ ಪಾಲಿದೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ.

ಕಿಲ್ಲಾರಿಯ ನೆಲ 1993ರಲ್ಲಿ ಇದ್ದಕ್ಕಿದ್ದಂತೆ ನಡುಗಿದ್ದಲ್ಲ. ಹಿಂದಿನ ವರ್ಷ, 1992ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ, ಆ ಊರಿನವರು ನೂರಕ್ಕೂ ಹೆಚ್ಚು ಸಣ್ಣ ಕಂಪನಗಳನ್ನು ಅನುಭವಿಸಿದ್ದರು. ಅಕ್ಟೋಬರ್ 18ರಂದು ಬಂದದ್ದು ಅವುಗಳಲ್ಲಿ ದೊಡ್ಡದು. ಜನ ಹೆದರಿ ಹೊರಗೆ ಮಲಗಿದರು. ಆಮೇಲೆ ನೆಲ ಸುಮ್ಮನಾಯಿತು, ಜನ ಒಳಗೆ ಹೋದರು. ಆ ಕಾಲದ ಭೂಕಂಪ ವಲಯ ನಕಾಶೆಯಲ್ಲಿ ಆ ಪ್ರದೇಶ ಒಂದನೆಯ ವಲಯದಲ್ಲಿತ್ತು, ಅಂದರೆ ದೇಶದಲ್ಲೇ ಅತಿ ಕಡಿಮೆ ಅಪಾಯದ ಜಾಗ. 2002ರಲ್ಲಿ ನಕಾಶೆಯನ್ನು ತಿದ್ದಿದಾಗ ಒಂದನೆಯ ವಲಯವನ್ನೇ ತೆಗೆದುಹಾಕಿದರು, ಲಾತೂರ್ ಮೂರನೆಯ ವಲಯಕ್ಕೆ ಬಂತು.

1992ರ ಆ ಕಂಪನಗಳನ್ನು ಇಂದು ಪೂರ್ವಕಂಪನಗಳು ಎಂದು ಕರೆಯುವವರಿದ್ದಾರೆ. 1993 ನಡೆದುಹೋದ ಮೇಲಷ್ಟೇ ಹಾಗೆ ಕರೆಯಲು ಸಾಧ್ಯವಾಯಿತು. ಪೂರ್ವಕಂಪನ, ಮುಖ್ಯಕಂಪನ, ಪಶ್ಚಾತ್‌ಕಂಪನ ಎಂಬ ಮೂರು ಮಾತುಗಳೂ ಹೀಗೆಯೇ. ಬಂದ ಕ್ಷಣದಲ್ಲಿ ಯಾವ ಕಂಪನದ ಹಣೆಯ ಮೇಲೂ ಅದು ಯಾವುದೆಂದು ಬರೆದಿರುವುದಿಲ್ಲ. ಇಡೀ ಸರಣಿ ಮುಗಿದ ಮೇಲೆ, ಅದರಲ್ಲಿ ಅತಿ ದೊಡ್ಡದನ್ನು ಮುಖ್ಯವೆಂದು ಗುರುತಿಸಿ, ಅದರ ಹಿಂದಿನವನ್ನು ಪೂರ್ವ, ಮುಂದಿನವನ್ನು ಪಶ್ಚಾತ್ ಎಂದು ವಿಂಗಡಿಸುತ್ತಾರೆ.

ಆದರೆ ನಮ್ಮ ಸುದ್ದಿಗಳಲ್ಲಿ ಮೊದಲ ಗಂಟೆಯಲ್ಲೇ ತೀರ್ಪು ಬಂದಿರುತ್ತದೆ. “ಪಶ್ಚಾತ್‌ಕಂಪನಗಳು ಮುಂದುವರಿದಿವೆ, ಆತಂಕಪಡುವ ಅಗತ್ಯವಿಲ್ಲ” ಎನ್ನುತ್ತಾರೆ. ಓದುವವನಿಗೆ ಅರ್ಥವಾಗುವುದು ಒಂದೇ: ದೊಡ್ಡದು ಬಂದು ಹೋಯಿತು, ಇನ್ನು ಮನೆಯೊಳಗೆ ಹೋಗಬಹುದು.

ಇದರ ಬೆಲೆ ಏನೆಂದು ಕುಮಾಮೊಟೊ ತೋರಿಸಿಕೊಟ್ಟಿದೆ. 2016ರ ಏಪ್ರಿಲ್ 14ರ ರಾತ್ರಿ ಜಪಾನಿನ ಆ ಪ್ರಾಂತದಲ್ಲಿ ಅವರ ಅಳತೆಯಲ್ಲಿ 6.5ರ ಭೂಕಂಪವಾಯಿತು. ಹವಾಮಾನ ಸಂಸ್ಥೆಯವರು ಅದನ್ನೇ ಮುಖ್ಯಕಂಪನವೆಂದು ಭಾವಿಸಿ, ಇನ್ನು ಬರುವವು ಪಶ್ಚಾತ್‌ಕಂಪನಗಳು ಎಂದರು. ಕೆಲವರು ಮನೆಗಳಿಗೆ ಮರಳಿದರು. ಸುಮಾರು 28 ಗಂಟೆಗಳ ನಂತರ, 16ರ ನಡುರಾತ್ರಿ ಕಳೆದ ಮೇಲೆ, 7.3ರದ್ದು ಬಂತು. ಮರಳಿದವರಲ್ಲಿ ಕೆಲವರು ಉಳಿಯಲಿಲ್ಲ. ಮೊದಲನೆಯದನ್ನು ಪೂರ್ವಕಂಪನವೆಂದು ತಿದ್ದಿ ಬರೆದರು. ಅಷ್ಟಕ್ಕೇ ಬಿಡದೆ ಮಾತಿನ ರೂಢಿಯನ್ನೇ ಬದಲಿಸಿಕೊಂಡರು. ದೊಡ್ಡ ಕಂಪನದ ಬೆನ್ನಿಗೆ ಪಶ್ಚಾತ್‌ಕಂಪನ ಎಂಬ ಪದವನ್ನು ಬಳಸುವುದನ್ನು ಬಿಟ್ಟು, ಮುಂದಿನ ಒಂದು ವಾರ ಇಷ್ಟೇ ಜೋರಾದ ಕಂಪನ ಮತ್ತೆ ಬರಬಹುದು, ಎಚ್ಚರದಿಂದಿರಿ ಎಂದು ಹೇಳತೊಡಗಿದರು. ಒಂದು ಪದ ಜನರನ್ನು ಕುಸಿಯಲಿರುವ ಮನೆಯೊಳಗೆ ಕಳಿಸಬಹುದು ಎಂಬುದನ್ನು ಅವರು ಒಪ್ಪಿಕೊಂಡು ತಿದ್ದಿಕೊಂಡರು.

ನೇಪಾಳದ ಕಥೆ ಬೇರೆ. 2015ರ ಏಪ್ರಿಲ್ 25ರ 7.8ರ ಭೂಕಂಪಕ್ಕೆ ಕೇಂದ್ರಬಿಂದುವಿದ್ದ ಜಿಲ್ಲೆಯಿಂದ ಗೋರ್ಖಾ ಎಂಬ ಹೆಸರು ಬಂತು. 17 ದಿನಗಳ ನಂತರ, ಮೇ 12ರಂದು, ದೂರದ ದೋಲಖಾ ಕಡೆ 7.3ರದ್ದು ಬಂದು ಇನ್ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಲೆಕ್ಕದಲ್ಲಿ ಅದು ಗೋರ್ಖಾದ ಪಶ್ಚಾತ್‌ಕಂಪನ. ದೋಲಖಾದವರಿಗೆ ಅದೇ ಭೂಕಂಪ. ಆದರೂ ಅಲ್ಲಿನ ರಾಷ್ಟ್ರೀಯ ಭೂಕಂಪ ಕೇಂದ್ರ ಮಾಡಿದ ಒಂದು ಕೆಲಸವನ್ನು ನಾನು ಎಲ್ಲರ ಮುಂದೆ ಹೊಗಳುತ್ತೇನೆ. 4 ಮತ್ತು ಅದಕ್ಕೂ ಹೆಚ್ಚಿನ ಪ್ರಮಾಣದ ಕಂಪನಗಳನ್ನು ಒಂದೊಂದಾಗಿ, ನೇಪಾಳಿ ಪಂಚಾಂಗವಾದ ಬಿಕ್ರಮ್ ಸಂವತ್‌ನ ತಾರೀಕು, ಇಂಗ್ಲಿಷ್ ತಾರೀಕು, ಸ್ಥಳೀಯ ಸಮಯ, ಜಿಲ್ಲೆಯ ಹೆಸರು ಸಮೇತ ಸಾರ್ವಜನಿಕ ಪಟ್ಟಿಯಲ್ಲಿ ಇಟ್ಟಿತು. ಟೆಂಟಿನಲ್ಲಿ ಕುಳಿತ ಮನುಷ್ಯ ತನ್ನನ್ನು ನಡುಗಿಸಿದ್ದು ಯಾವುದೆಂದು ತನ್ನದೇ ಪಂಚಾಂಗದ ದಿನ ಹಿಡಿದು ಅದರಲ್ಲಿ ಹುಡುಕಬಹುದಿತ್ತು.

ಎಣಿಸುವುದರಿಂದ ಏನು ಪ್ರಯೋಜನ ಎಂದು ಯಾರಾದರೂ ಕೇಳಿಯಾರು. 1891ರಲ್ಲಿ ಜಪಾನಿನ ನೋಬಿ ಬಯಲಿನಲ್ಲಿ ದೊಡ್ಡ ಭೂಕಂಪವಾದ ಮೇಲೆ ಫುಸಾಕಿಚಿ ಒಮೊರಿ ಎಂಬ ತರುಣ ವಿಜ್ಞಾನಿ ಪಶ್ಚಾತ್‌ಕಂಪನಗಳ ದಾಖಲೆಗಳನ್ನು ಹಿಡಿದು ದಿನದಿನದ ಲೆಕ್ಕ ನೋಡಿದರು. ಮೊದಲ ದಿನ ಬಂದದ್ದರ ಸುಮಾರು ಹತ್ತನೇ ಒಂದು ಪಾಲು ಹತ್ತನೆಯ ದಿನ, ನೂರನೇ ಒಂದು ಪಾಲು ನೂರನೆಯ ದಿನ ಎಂಬ ಕ್ರಮ ಅದರಲ್ಲಿ ಕಂಡಿತು. 1894ರಲ್ಲಿ ಅದನ್ನು ಪ್ರಕಟಿಸಿದರು. ಇಂದಿಗೂ ಜಗತ್ತಿನೆಲ್ಲೆಡೆ ಪಶ್ಚಾತ್‌ಕಂಪನಗಳ ಮುನ್ನಂದಾಜು ಈ ನಿಯಮದ ಮೇಲೆಯೇ ನಿಂತಿದೆ. ತೀರ ಸಣ್ಣವನ್ನು ಕೂಡ ಯಾರೋ ತಾಳ್ಮೆಯಿಂದ ಬರೆದಿಟ್ಟಿದ್ದರಿಂದ ಅದು ಸಿಕ್ಕಿತು. ಸಂಖ್ಯೆ ಇಳಿಯುತ್ತದೆಯೇ ಹೊರತು ಪ್ರತಿಯೊಂದು ಕಂಪನವೂ ಹಿಂದಿನದಕ್ಕಿಂತ ಸಣ್ಣದಾಗಿಯೇ ಬರಬೇಕೆಂಬ ನಿಯಮವಿಲ್ಲ ಎಂಬುದನ್ನೂ ಅದೇ ದಾಖಲೆಗಳು ಕಲಿಸುತ್ತವೆ.

ನಮ್ಮ ಜಿಲ್ಲೆಗೆ ಬರುತ್ತೇನೆ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರ ಮತ್ತು ಸುತ್ತಲಿನ ಊರುಗಳು ಮತ್ತೆ ಮತ್ತೆ ನಡುಗಿದ್ದು ನಿಮಗೆ ನೆನಪಿರಬಹುದು. 11ರ ರಾತ್ರಿಯದು 4.1. ಜನ ಊರು ಬಿಟ್ಟರು, ಉಳಿದವರು ಬಯಲಿನಲ್ಲಿ ಮಲಗಿದರು. ಆಗ ನಾನು ಅದೇ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ದಸರಾ ರಜೆ ಮುಗಿದು ಶಾಲೆ ತೆರೆದಾಗ ಮಕ್ಕಳಿಗೆ ಬೇರೆ ಮಾತೇ ಇರಲಿಲ್ಲ. ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಟ್ಟು, ಯಾರಿಗೆ ಯಾವಾಗ ಏನು ಅನುಭವವಾಯಿತೋ ಹಾಗೆಯೇ ಬರೆಯಿರಿ ಎಂದೆ. ಮೊದಲು ಸದ್ದು ಬಂತೇ, ನಡುಕ ಬಂತೇ? ಸದ್ದು ಯಾವ ಕಡೆಯಿಂದ? ಡಬ್ಬದ ಮೇಲಿನ ಲೋಟ ಬಿತ್ತೇ, ಬರೀ ಅಲುಗಿತೇ? ಎಮ್ಮೆ ಎದ್ದು ನಿಂತಿತೇ? ಮಕ್ಕಳು ನವೆಂಬರ್‌ವರೆಗೂ ಬರೆದರು. ಹೆಚ್ಚಿನವರು ಮೊದಲು ಗುಡುಗಿನಂಥ ಸದ್ದು, ಆಮೇಲೆ ನಡುಕ ಎಂದಿದ್ದರು. ನೆಲದ ಮೇಲ್ಪದರದಲ್ಲೇ ಹುಟ್ಟುವ ಕಂಪನದ ಮೊದಲ ಅಲೆ ನೆಲದಿಂದ ಗಾಳಿಗೆ ದಾಟಿ ಕಿವಿಗೆ ಬೀಳುತ್ತದೆ, ನಡುಗಿಸುವ ಅಲೆ ಅದರ ಹಿಂದೆ ಬರುತ್ತದೆ. ಪಠ್ಯಪುಸ್ತಕದಲ್ಲಿರುವುದನ್ನು ಎಂಟನೆಯ ತರಗತಿಯ ಹುಡುಗಿಯೊಬ್ಬಳು ಯಾರೂ ಹೇಳಿಕೊಡದೆ ಬರೆದಿದ್ದಳು. ಮಳೆಗಾಲದ ನೀರು ಸುಣ್ಣಕಲ್ಲಿನ ಪದರಗಳೊಳಗೆ ಇಳಿದು ಒತ್ತಡ ಬದಲಾಗಿ ಇಂಥ ಕಂಪನಗಳಾಗುತ್ತವೆ ಎಂದು ತಜ್ಞರು ವಿವರಿಸಿದಾಗ ನಾವು ಅದನ್ನೂ ನೋಟ್‌ಬುಕ್ಕಿನಲ್ಲಿ ಅಂಟಿಸಿಕೊಂಡೆವು.

ಆ ನೋಟ್‌ಬುಕ್ಕನ್ನು ಒಂದು ಕಚೇರಿಗೆ ಕೊಂಡೊಯ್ದೆ. ಯಾವುದೆಂದು ಹೇಳುವುದಿಲ್ಲ, ಅಲ್ಲಿ ಕುಳಿತಿದ್ದವರು ಕೆಟ್ಟವರೂ ಅಲ್ಲ. “ಮೇಷ್ಟ್ರೇ, ನಮಗೆ ಉಪಕರಣಗಳಿವೆ, ಇದರ ಅಗತ್ಯ ಬೀಳುವುದಿಲ್ಲ” ಎಂದು ವಿನಯದಿಂದಲೇ ಹಿಂತಿರುಗಿಸಿದರು.

ಉಪಕರಣ ಹೇಳುವುದು ಒಂದು, ಊರು ಹೇಳುವುದು ಇನ್ನೊಂದು ಎಂಬುದನ್ನು ಆ ದಿನ ಅವರಿಗೆ ಸರಿಯಾಗಿ ವಿವರಿಸಲಾಗಲಿಲ್ಲ, ಈಗ ಹೇಳುತ್ತೇನೆ. ಗುಡಿಯಲ್ಲಿ ನಗಾರಿ ಬಾರಿಸುತ್ತಾರೆ. ಹೊಡೆತದ ಬಲ ಒಂದೇ. ಆದರೆ ಗುಡಿಯ ಪಕ್ಕದ ಮನೆಯಲ್ಲಿ ಕೇಳುವುದು ಒಂದು ರೀತಿ, ಕೆರೆಯಾಚೆ ಕೇಳುವುದು ಇನ್ನೊಂದು ರೀತಿ. ಹೊಡೆತದ ಬಲ ಭೂಕಂಪದ ಪ್ರಮಾಣ. ಒಂದು ಕಂಪನಕ್ಕೆ ಅದು ಒಂದೇ ಅಂಕಿ. ಪ್ರಮಾಣದಲ್ಲಿ ಒಂದು ಹೆಚ್ಚಾದರೆ ಶಕ್ತಿ ಸುಮಾರು 32 ಪಟ್ಟು ಹೆಚ್ಚು. ಮನೆಮನೆಗೆ ತಟ್ಟಿದ್ದು ತೀವ್ರತೆ. ಅದು ಊರಿಂದ ಊರಿಗೆ, ಕಪ್ಪು ಮಣ್ಣಿನಿಂದ ಬಂಡೆ ನೆಲಕ್ಕೆ, ಮಾಳಿಗೆಯಿಂದ ಕಾಂಕ್ರೀಟಿಗೆ ಬದಲಾಗುತ್ತದೆ. ಕನ್ನಡ ಪತ್ರಿಕೆಗಳು ಎರಡಕ್ಕೂ ತೀವ್ರತೆ ಎಂದೇ ಬರೆಯುತ್ತವೆ. ಜೊತೆಗೆ ರಿಕ್ಟರ್ ಮಾಪಕ ಎಂಬ ಮಾತು ತಪ್ಪದೆ ಬರುತ್ತದೆ. ಚಾರ್ಲ್ಸ್ ರಿಕ್ಟರ್ 1935ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾಕ್ಕಾಗಿ ರೂಪಿಸಿದ ಮಾಪಕ ಅದು, ಇಂದು ದೊಡ್ಡ ಭೂಕಂಪಗಳನ್ನು ಅಳೆಯುವುದು ಬೇರೆ ವಿಧಾನದಿಂದ. ಸಂಪಾದಕರೇ, “ಪ್ರಮಾಣ 4.1” ಎಂದು ಬರೆದರೆ ಸಾಕು. ತೀವ್ರತೆ ಎಂಬ ಒಳ್ಳೆಯ ಪದವನ್ನು ಜನರ ಅನುಭವಕ್ಕೆ ಮೀಸಲಿಡಿ.

2022ರ ಜೂನ್ 28ರ ಬೆಳಗ್ಗೆ ಕೊಡಗಿನ ಚೆಂಬು ಬಳಿ 3.0ರ ಕಂಪನವಾಯಿತು. ಸಂಪಾಜೆ, ಸುಳ್ಯದ ಕಡೆಯವರೂ ಸದ್ದು ಕೇಳಿದರು, ನಡುಕ ಕಂಡರು. ಅದಕ್ಕೂ ಮುಂಚೆ, ಆಮೇಲೆ ಕೂಡ ಆ ಭಾಗದಲ್ಲಿ ಇನ್ನೂ ಕೆಲವು ಬಂದವು. ಇಂಥದ್ದರಲ್ಲಿ ಮುಖ್ಯ ಯಾವುದು, ಪಶ್ಚಾತ್ ಯಾವುದು? ಒಂದೇ ಅಳತೆಯ ಸಣ್ಣ ಕಂಪನಗಳು ಗುಂಪಾಗಿ ಬರುವುದಕ್ಕೆ ಸರಣಿ ಎಂದರೆ ಸಾಲದೇ? ಇಟಲಿಯವರು 2016ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಬಂದ ದೊಡ್ಡ ಕಂಪನಗಳನ್ನು ಒಟ್ಟುಗೂಡಿಸಿ ಅಮಾತ್ರಿಚೆ–ವಿಸ್ಸೊ–ನೋರ್ಚಾ ಸರಣಿ ಎಂದರು. ಮೂರು ಊರುಗಳಿಗೂ ಅದರಲ್ಲಿ ಜಾಗ ಸಿಕ್ಕಿತು. ಗಡಿಕೇಶ್ವಾರ ಸರಣಿ, ಚೆಂಬು ಸರಣಿ ಎಂದು ನಾವೂ ಬರೆಯಬಹುದು. “ಜಿಲ್ಲೆಯಲ್ಲಿ ಲಘು ಭೂಕಂಪ” ಎಂದಷ್ಟೇ ಬರೆದದ್ದನ್ನು ಇಪ್ಪತ್ತು ವರ್ಷಗಳ ನಂತರ ಯಾರು ಹುಡುಕಿ ತೆಗೆಯುತ್ತಾರೆ?

ಅಂಕಿಗಳು ಬದಲಾಗುವುದರ ಬಗ್ಗೆಯೂ ಒಂದು ಮಾತು. ಮೊದಲ ನಿಮಿಷಗಳಲ್ಲಿ ಕೆಲವೇ ಮಾಪನ ಕೇಂದ್ರಗಳ ಸಂಕೇತ ಹಿಡಿದು ಅಂದಾಜು ಹೊರಡುತ್ತದೆ. ಆಮೇಲೆ ಹೆಚ್ಚಿನ ಕೇಂದ್ರಗಳ ದಾಖಲೆ ಸೇರಿ, ಮನುಷ್ಯರು ಕುಳಿತು ಪರಿಶೀಲಿಸಿ ತಿದ್ದುತ್ತಾರೆ. ಬ್ರಿಟನ್ನಿನಲ್ಲಿರುವ ಅಂತರರಾಷ್ಟ್ರೀಯ ಭೂಕಂಪಶಾಸ್ತ್ರ ಕೇಂದ್ರ ಜಗತ್ತಿನ ಸಂಸ್ಥೆಗಳ ದಾಖಲೆಗಳನ್ನೆಲ್ಲ ಕೂಡಿಸಿ ಪರಿಶೀಲಿಸಿದ ಪಟ್ಟಿಯನ್ನು ಹೊರತರುವುದು ಸುಮಾರು ಎರಡು ವರ್ಷಗಳ ನಂತರ. ಕಿಲ್ಲಾರಿಯದ್ದೇ ಕೆಲವು ಕಡೆ 6.2, ಕೆಲವು ಕಡೆ 6.3, ಹಳೆಯ ವರದಿಗಳಲ್ಲಿ 6.4 ಎಂದಿದೆ. ಇದು ಯಾರ ಮೋಸವೂ ಅಲ್ಲ. ಆದರೆ ಬೆಳಗಿನ ಅಂಕಿಗೂ ಸಂಜೆಯ ಅಂಕಿಗೂ ವ್ಯತ್ಯಾಸ ಕಂಡಾಗ ಸರ್ಕಾರ ಏನನ್ನೋ ಮುಚ್ಚಿಡುತ್ತಿದೆ ಎಂದು ಹಳ್ಳಿಗಳಲ್ಲಿ ಮಾತು ಹರಡುತ್ತದೆ. ಗಡಿಕೇಶ್ವಾರದ ದಿನಗಳಲ್ಲಿ ನಾನೇ ಅದನ್ನು ಕೇಳಿದ್ದೇನೆ. “ಇದು ಮೊದಲ ಅಂದಾಜು, ತಿದ್ದುಪಡಿ ಬರಬಹುದು” ಎಂಬ ಒಂದು ಸಾಲು, ತಿದ್ದಿದಾಗ ಹಳೆಯ ಅಂಕಿಯನ್ನು ಅಳಿಸದೆ ಪಕ್ಕದಲ್ಲೇ ಉಳಿಸುವ ಪ್ರಾಮಾಣಿಕತೆ, ಇಷ್ಟಿದ್ದರೆ ಜನ ನಂಬುತ್ತಾರೆ.

ಮಾಪನ ಯಂತ್ರಗಳಿಲ್ಲದ ಕಾಲದ ಭೂಕಂಪಗಳು ನಮಗೆ ತಿಳಿದಿರುವುದೇ ಜನರ ಬರಹದಿಂದ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಥಾಮಸ್ ಓಲ್ಡಮ್ ಪತ್ರಿಕೆ, ಪತ್ರ, ವರದಿಗಳಿಂದ ಆಯ್ದು 1869ರವರೆಗಿನ ಭಾರತದ ಭೂಕಂಪಗಳ ಪಟ್ಟಿ ಮಾಡಿದರು. ಅವರು ತೀರಿಕೊಂಡ ಮೇಲೆ ಮಗ ಆರ್. ಡಿ. ಓಲ್ಡಮ್ 1883ರಲ್ಲಿ ಅದನ್ನು ಹೊರತಂದರು. ಮುಂದೆ ಅದೇ ಮಗ 1897ರ ಅಸ್ಸಾಂ ಮಹಾಭೂಕಂಪದ ಬಗ್ಗೆ ಬರೆದ ವರದಿ ಇಂದಿಗೂ ಓದುವಂಥದ್ದು. 1843ರ ಏಪ್ರಿಲ್ 1ರಂದು ಬಳ್ಳಾರಿ ನಡುಗಿತ್ತು ಎಂದು ಇಂದು ನಾವು ಹೇಳಬಲ್ಲೆವಾದರೆ, ಆ ದಿನ ಯಾರೋ ಕುಳಿತು ಬರೆದಿದ್ದರು ಎಂಬುದೇ ಕಾರಣ. ಬರೆದವರು ಹೆಚ್ಚಾಗಿ ಇಂಗ್ಲಿಷ್ ಬಲ್ಲವರು. ನೆಲದ ಮೇಲೆ ಮಲಗಿದ್ದ ರೈತನಿಗೆ ಏನನಿಸಿತೆಂದು ಯಾರೂ ಬರೆಯಲಿಲ್ಲ.

ಅದನ್ನು ಇನ್ನಾದರೂ ಬರೆಯಬಹುದಲ್ಲವೇ? ಮಳೆ ಲೆಕ್ಕ ಇಡುವ ಹಾಗೆ, ಕಂಪನ ಕಂಡ ಗ್ರಾಮ ಪಂಚಾಯಿತಿಗಳಲ್ಲಿ ಕನ್ನಡದ ಒಂದು ಕಂಪನ ವಹಿ ಇರಲಿ. ಹತ್ತು ಸರಳ ಪ್ರಶ್ನೆಗಳು ಸಾಕು, ಶಾಲೆಯ ಮಕ್ಕಳೇ ತುಂಬಬಲ್ಲರು. ಮೊಬೈಲಿನಲ್ಲಿ ಅನುಭವ ತಿಳಿಸುವ ವ್ಯವಸ್ಥೆಗಳು ಈಗಲೂ ಇವೆ, ಆದರೆ ಹೊಲದಿಂದ ಬಂದ ಎಪ್ಪತ್ತರ ಅಜ್ಜಿ ಅದನ್ನು ತೆರೆಯುವುದಿಲ್ಲ. ಆ ವಹಿಗಳಿಂದ ಆಯ್ದು, ಉಪಕರಣದ ಅಂಕಿಗಳ ಜೊತೆ ಸೇರಿಸಿ, ವರ್ಷಕ್ಕೊಮ್ಮೆ ರಾಜ್ಯದ ಕಂಪನಗಳ ಪಟ್ಟಿಯನ್ನು ಕನ್ನಡದಲ್ಲಿ ಹೊರತನ್ನಿ. ಅದರಲ್ಲಿ ಹಳ್ಳಿಯ ಹೆಸರು, ತಾಲ್ಲೂಕಿನ ಹೆಸರು, ನಮ್ಮ ಗಡಿಯಾರದ ಸಮಯ, ಪ್ರಮಾಣ, ಎಲ್ಲೆಲ್ಲಿ ಎಷ್ಟು ತಟ್ಟಿತೆಂಬ ಮಾತು ಇರಲಿ. ಗಡಿಯಾಚೆ ಹುಟ್ಟಿ ಈಚೆ ನಡುಗಿಸಿದ್ದೂ ಸೇರಲಿ, ಏಕೆಂದರೆ ಭೂಮಿಗೆ ರಾಜ್ಯದ ಗಡಿ ಗೊತ್ತಿಲ್ಲ. ಕಿಲ್ಲಾರಿಯಿಂದ ನಮ್ಮ ಆಳಂದ, ಬಸವಕಲ್ಯಾಣ, ಭಾಲ್ಕಿಯ ಕಡೆ ಆ ರಾತ್ರಿ ಏನೇನಾಯಿತೆಂಬುದನ್ನು ಕಂಡವರು ಇನ್ನೂ ಬದುಕಿದ್ದಾರೆ. ನನ್ನ ವಯಸ್ಸಿನವರು, ನನಗಿಂತ ಹಿರಿಯರು. ಅವರಿಂದಲೇ ಶುರು ಮಾಡಬಹುದು, ತಡಮಾಡಬಾರದು.

ಮಕ್ಕಳ ನೋಟ್‌ಬುಕ್ ನನ್ನ ಕಪಾಟಿನಲ್ಲಿದೆ. ಪುಟಗಳಿಗೆ ಅಂಕಿ ಹಾಕಿಟ್ಟಿದ್ದೇನೆ. ಬರೆದವರ ಹೆಸರಿನ ಪಕ್ಕ ಊರು, ಮನೆಯ ಬಗೆ ಎಲ್ಲ ಇದೆ. ಯಾವ ಕಚೇರಿಗೆ, ಯಾವ ದಿನ ತರಬೇಕೆಂದು ತಿಳಿಸಿದರೆ ತಂದು ಒಪ್ಪಿಸುತ್ತೇನೆ. ಒಂದು ರಸೀದಿ ಮಾತ್ರ ಬೇಕು, ಮಕ್ಕಳಿಗೆ ತೋರಿಸಲು.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ಗಣಿತ ಶಿಕ್ಷಕ,
ಆಳಂದ ತಾಲ್ಲೂಕು, ಕಲಬುರಗಿ ಜಿಲ್ಲೆ